ಯಂತ್ರ ಕಟ್ಟಿದ ಚಾರ್ಲ್ಸ್ ಫೇ, ಅದರ ಹೊಟ್ಟೆ ಬಿಚ್ಚಿದ ಹವ್ಯಾಸಿಗಳು

ಹೋದ ತಿಂಗಳು ಒಂದು ರಾತ್ರಿ ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಜೂಜಾಡಿದೆ. ಒಂದು ಪೈಸೆ ಹೋಗಲಿಲ್ಲ, ಒಂದು ಪೈಸೆ ಬರಲೂ ಇಲ್ಲ. ಪರದೆಯ ಮೇಲಿದ್ದದ್ದು 1990ರ ದಶಕದಲ್ಲಿ ಬ್ರಿಟನ್ನಿನ ಪಬ್‌ಗಳ ಮೂಲೆಯಲ್ಲಿ ನಿಂತಿರುತ್ತಿದ್ದಂಥ ಒಂದು ಫ್ರೂಟ್ ಮಷೀನ್. ಚೆರ್ರಿ, ನಿಂಬೆ, ಪ್ಲಮ್ ಹಣ್ಣಿನ ಚಿತ್ರಗಳು ಸುತ್ತುವ ಮೂರು ಚಕ್ರ, ಕಣ್ಣು ಕುಕ್ಕುವ ದೀಪಗಳು, ನಾಣ್ಯ ಉದುರುವ ಸದ್ದು. ಅಂಥ ಯಂತ್ರಗಳಲ್ಲಿ ಹೆಚ್ಚಿನವು ಯಾವತ್ತೋ ಗುಜರಿ ಸೇರಿವೆ. ಅವುಗಳ ಒಳಗಿದ್ದ ಪ್ರೋಗ್ರಾಂಗಳನ್ನು ಮಾತ್ರ ಯಾರೋ ಹವ್ಯಾಸಿಗಳು ಉಳಿಸಿದ್ದಾರೆ. ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪನ್ನು ಆ ಹಳೆಯ ಯಂತ್ರದ ಹಾಗೆ ನಟಿಸುವಂತೆ ಮಾಡುತ್ತದೆ. ಪ್ರೋಗ್ರಾಂಗೆ ತಾನು ಇನ್ನೂ ಪಬ್ಬಿನಲ್ಲೇ ಇದ್ದೇನೆ ಅನ್ನೋ ಭ್ರಮೆ.

ಸ್ವಲ್ಪ ಗೆದ್ದ ಮೇಲೆ ಯಂತ್ರ ಒಂದು ಪಂಥ ಒಡ್ಡಿತು. 1ರಿಂದ 12ರೊಳಗಿನ ಒಂದು ಸಂಖ್ಯೆ ತೋರಿಸುತ್ತೆ. ಮುಂದಿನದು ಅದಕ್ಕಿಂತ ದೊಡ್ಡದೋ ಚಿಕ್ಕದೋ ನೀವು ಊಹಿಸಬೇಕು. ಸರಿಯಾದರೆ ಗೆದ್ದದ್ದು ಬೆಳೆಯುತ್ತೆ, ತಪ್ಪಾದರೆ ಎಲ್ಲಾ ಹೋಯ್ತು. ನನಗೆ ಕಂಡದ್ದು 5. ಇದಕ್ಕಿಂತ ದೊಡ್ಡವು ಏಳಿವೆ, ಚಿಕ್ಕವು ನಾಲ್ಕೇ. ಲೆಕ್ಕ ಗೊತ್ತಿರುವವರು ಯಾವ ಬಟನ್ ಒತ್ತುತ್ತಾರೆ ಅಂತ ಹೇಳಬೇಕಾಗಿಲ್ಲ. ದೊಡ್ಡದು ಒತ್ತಿದೆ. ಬಂದದ್ದು 2. ಸೋತೆ.

ಎಮ್ಯುಲೇಟರಿನಲ್ಲಿ ಪಬ್ಬಿನಲ್ಲಿಲ್ಲದ ಒಂದು ಅನುಕೂಲವಿದೆ. ಆಟದ ಯಾವುದೇ ಕ್ಷಣವನ್ನು ಹಾಗೇ ಸೇವ್ ಮಾಡಿಟ್ಟು, ಮತ್ತೆ ಅಲ್ಲಿಗೇ ವಾಪಸ್ ಹೋಗಬಹುದು. ಬಟನ್ ಒತ್ತುವ ಮುಂಚಿನ ಕ್ಷಣಕ್ಕೆ ಹೋದೆ. ಈ ಸಲ ಚಿಕ್ಕದು ಒತ್ತಿದೆ. ಬಂದದ್ದು 9. ಮತ್ತೆ ಸೋತೆ. ನಾಲ್ಕೈದು ಸಲ ಹೀಗೇ ಮಾಡಿದೆ. ದೊಡ್ಡದು ಅಂದರೆ ಚಿಕ್ಕದು ಬರುತ್ತದೆ, ಚಿಕ್ಕದು ಅಂದರೆ ದೊಡ್ಡದು. ಅಂದರೆ ಸಂಖ್ಯೆ ಮೊದಲೇ ನಿಗದಿಯಾಗಿರಲಿಲ್ಲ. ನಿಗದಿಯಾಗಿದ್ದದ್ದು ನನ್ನ ಸೋಲು ಮಾತ್ರ.

ಅವತ್ತು ನನ್ನ ತಲೆಗೆ ಹೊಕ್ಕ ಪ್ರಶ್ನೆ ಇದು: ಈ ಆಟ ಮೊದಲಿನಿಂದಲೂ ಹೀಗೇ ಇತ್ತಾ? ಅದನ್ನು ಹುಡುಕುತ್ತಾ ಹೋದವನಿಗೆ ಸಿಕ್ಕವನು ಚಾರ್ಲ್ಸ್ ಆಗಸ್ಟ್ ಫೇ. ಮೂರು ಚಕ್ರದ ಸ್ಲಾಟ್ ಮಷೀನಿನ ಜನಕ ಎಂದು ಜಗತ್ತು ನೆನಪಿಟ್ಟುಕೊಂಡಿರುವ ಮೆಕ್ಯಾನಿಕ್. ಅವನು ಸತ್ತು ಎಂಬತ್ತು ವರ್ಷ ಕಳೆದಿದೆ. ಅವನ ಬದುಕಿನ ಕಥೆ ಇವತ್ತಿನ ನಮಗೆ ಯಾಕೆ ಬೇಕು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇನೆ.

ಬವೇರಿಯಾದಿಂದ ಹೊರಟ ಹುಡುಗ

ಫೇ ಹುಟ್ಟಿದ್ದು 1862ರಲ್ಲಿ, ಜರ್ಮನಿಯ ಬವೇರಿಯಾ ಸೀಮೆಯ ಫ್ಯೋರಿಂಗೆನ್ ಎಂಬ ಊರಲ್ಲಿ. ಮನೆತುಂಬ ಮಕ್ಕಳು. ಮ್ಯೂನಿಕ್‌ನಲ್ಲಿ ಕೃಷಿ ಉಪಕರಣ ತಯಾರಿಸುವ ಕಾರ್ಖಾನೆಯೊಂದಿತ್ತು. ಅಣ್ಣನ ಬೆನ್ನಿಗೆ ಬಿದ್ದು ಅಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡ ಹುಡುಗನಿಗೆ ಕಬ್ಬಿಣ, ಸ್ಪ್ರಿಂಗು, ಹಲ್ಲುಚಕ್ರಗಳ ರುಚಿ ಹತ್ತಿತು. ಹದಿನೈದರ ವಯಸ್ಸಿಗೇ ಮನೆ ಬಿಟ್ಟ. ಮೊದಲು ಫ್ರಾನ್ಸ್. ಆಮೇಲೆ ಲಂಡನ್. ಅಲ್ಲಿ ಹಡಗುಗಳಿಗೆ ಬೇಕಾದ ಸೂಕ್ಷ್ಮ ಉಪಕರಣ ಮಾಡುವ ಕಂಪನಿಯಲ್ಲಿ ಸುಮಾರು ಐದು ವರ್ಷ ದುಡಿದ. ಸಮುದ್ರದ ಮೇಲೆ ದಿಕ್ಕು ತೋರಿಸುವ ಸಾಧನ ಕೂದಲೆಳೆಯಷ್ಟು ತಪ್ಪಿದರೂ ಹಡಗು ಎಲ್ಲಿಗೋ ಹೋಗುತ್ತದೆ. ಆ ಶಿಸ್ತು ಅವನ ಕೈಗೆ ಬಂದದ್ದು ಅಲ್ಲೇ ಇರಬೇಕು ಅಂತ ನನಗನ್ನಿಸುತ್ತದೆ.

ಅಮೆರಿಕಕ್ಕೆ ದುಡ್ಡು ಕೂಡಿದ ಮೇಲೆ ಹಡಗು ಹತ್ತಿದ. 1885ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ್ದ. ಚಿನ್ನದ ಹುಚ್ಚಿನಿಂದ ಬೆಳೆದ ಊರು ಅದು. ಬಂದರು, ರೈಲು, ಹಡಗು ಕೂಲಿಗಳು, ವಲಸಿಗರು, ಬೀದಿಗೆ ನಾಲ್ಕು ಬಾರುಗಳು. ಹುಟ್ಟಿನ ಹೆಸರನ್ನೂ ಅಲ್ಲಿ ಬದಲಾಯಿಸಿಕೊಂಡ. ಆಗಸ್ಟಿನಸ್ ಜೋಸೆಫಸ್ ಹೋಗಿ ಚಾರ್ಲ್ಸ್ ಬಂದ. ಗಸ್ ಎಂದು ಕರೆಸಿಕೊಳ್ಳೋದು ಅವನಿಗೆ ಹಿಡಿಸುತ್ತಿರಲಿಲ್ಲವಂತೆ. ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು.

ಬದುಕು ಹಳಿಗೆ ಬಂತು ಅನ್ನುವಾಗ ಕ್ಷಯ ಹಿಡಿಯಿತು. ಆಗಿನ ಕಾಲದ ಕ್ಷಯ ಅಂದರೆ ಬಹುಪಾಲು ಸಾವಿನ ಚೀಟಿಯೇ. ಪರಿಣಾಮಕಾರಿ ಔಷಧಿ ಬರಲು ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ವೈದ್ಯರು ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಅಂದರು. ಆದರೆ ಅವನು ಬದುಕಿದ, ಅದೂ ಎಂಬತ್ತು ದಾಟುವವರೆಗೆ. ತಾನು ಕಟ್ಟಿದ ಯಂತ್ರದ ಮುಂದೆ ನಿಂತವರ ಪೈಕಿ ಯಾರಿಗೂ ಸಿಗದಂಥ ಅದೃಷ್ಟ ಅವನಿಗೇ ಸಿಕ್ಕಿತ್ತು.

ಎರಡು ಎಲೆ ಕಮ್ಮಿ

ಫೇಗಿಂತ ಮುಂಚೆಯೂ ಜೂಜಿನ ಯಂತ್ರಗಳಿದ್ದವು. 1891ರಲ್ಲಿ ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ ಸಿಟ್‌ಮನ್ ಅಂಡ್ ಪಿಟ್ ಎಂಬ ಕಂಪನಿ ಒಂದು ಪೋಕರ್ ಯಂತ್ರ ಮಾಡಿತ್ತು. ಐದು ಉರುಳೆಗಳು, ಅವುಗಳ ಮೇಲೆ ಒಟ್ಟು 50 ಇಸ್ಪೀಟೆಲೆ. 5 ಸೆಂಟಿನ ಒಂದು ನಾಣ್ಯ ಹಾಕಿ ಹಿಡಿಕೆ ಎಳೆದರೆ ಐದು ಎಲೆ ಬೀಳುತ್ತವೆ. ಒಳ್ಳೆಯ ಕೈ ಬಂದರೆ ಬಾರಿನವನು ಒಂದು ಬಿಯರೋ ಒಂದು ಚುಟ್ಟಾನೋ ಕೊಡುತ್ತಾನೆ.

ಇಸ್ಪೀಟು ಆಡುವವರು ಈಗಾಗಲೇ ಗಮನಿಸಿರುತ್ತೀರಿ. ಕಟ್ಟಿನಲ್ಲಿರೋದು 52 ಎಲೆ. ಇಲ್ಲಿ 50. ಉಳಿದ ಎರಡು ಎಲ್ಲಿ? ಸಾಮಾನ್ಯವಾಗಿ ಇಸ್ಪೇಟ್ ಹತ್ತನ್ನೂ ಆಟೀನ್ ಗುಲಾಮನನ್ನೂ ತೆಗೆದಿರುತ್ತಿದ್ದರು. ಅವೆರಡು ಇಲ್ಲದಿದ್ದರೆ ಆಟದ ಅತಿ ದೊಡ್ಡ ಕೈಯಾದ ರಾಯಲ್ ಫ್ಲಶ್ ಬರುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತೆ. ಕುಡಿದು ನಿಂತ ಕೂಲಿಯವನಿಗೆ ಅದೆಲ್ಲ ಹೊಳೆಯೋದು ಎಲ್ಲಿಂದ? ಆದರೂ ಒಂದು ಮಾತು. ಹೊಳೆಯಬಹುದಿತ್ತು. ಯಂತ್ರದ ಮುಂದೆ ಪೆನ್ಸಿಲ್, ಕಾಗದ ಹಿಡಿದು ಕೂತು ಕಂಡ ಎಲೆಗಳನ್ನು ಬರೆದುಕೊಳ್ಳುತ್ತಾ ಹೋದರೆ ಆ ಎರಡು ಎಂದೂ ಬರುವುದಿಲ್ಲ ಅನ್ನೋದು ಒಂದು ದಿನ ಗೊತ್ತಾಗುತ್ತಿತ್ತು. ಆ ಮೋಸಕ್ಕೆ ಒಂದು ಮೈ ಇತ್ತು.

ಆ ಯಂತ್ರದ ಇನ್ನೊಂದು ತೊಡಕು ದುಡ್ಡು ಕೊಡುವುದು. ಐದು ಎಲೆಗಳ ಕೈಗಳು ಲಕ್ಷಗಟ್ಟಲೆ. ಯಾವ ಕೈಗೆ ಎಷ್ಟು ಅಂತ ಲೆಕ್ಕ ಹಾಕಿ ತಾನೇ ನಾಣ್ಯ ಉದುರಿಸುವ ಯಂತ್ರವನ್ನು ಆ ಕಾಲದ ಹಲ್ಲುಚಕ್ರಗಳಲ್ಲಿ ಕಟ್ಟೋದು ಆಗದ ಮಾತು. ಅದಕ್ಕೇ ಬಾರಿನವನ ಕೈ ಬೇಕಾಗಿತ್ತು.

ಫೇ 1894ರಿಂದ ಜೂಜಿನ ಯಂತ್ರ ಮಾಡಲು ಶುರುಮಾಡಿದ. ಸಹೋದ್ಯೋಗಿ ಥಿಯೋಡೋರ್ ಹೋಲ್ಟ್ಸ್ ಜೊತೆಗಿದ್ದ. ಅದೇ ಊರಿನ ಗುಸ್ತಾವ್ ಶುಲ್ಟ್ಸ್ ಎಂಬ ಇನ್ನೊಬ್ಬ ಜರ್ಮನ್ ವಲಸಿಗ ಆಗಲೇ ಒಂದು ಚಕ್ರದ, ತಾನೇ ದುಡ್ಡು ಕೊಡುವ ಯಂತ್ರ ಮಾಡಿದ್ದ. ಫೇ ಆ ದಾರಿಯಲ್ಲೇ ಮುಂದೆ ಹೋದ. ಎಲೆಗಳ ಗೊಂದಲವನ್ನು ಕಿತ್ತುಹಾಕಿದ. ಐದರ ಬದಲು ಮೂರು ಚಕ್ರ. ಐವತ್ತು ಎಲೆಗಳ ಬದಲು ಐದೇ ಗುರುತು: ಕುದುರೆ ಲಾಳ, ಡೈಮನ್, ಇಸ್ಪೇಟು, ಆಟೀನು, ಮತ್ತು ಒಂದು ಗಂಟೆ. ಫಿಲಡೆಲ್ಫಿಯಾದಲ್ಲಿರುವ ಬಿರುಕು ಬಿಟ್ಟ ಸ್ವಾತಂತ್ರ್ಯದ ಗಂಟೆ ಅದು. 1890ರ ದಶಕದ ಕೊನೆಯಲ್ಲಿ ಬಂದ ಆ ಯಂತ್ರಕ್ಕೆ ಲಿಬರ್ಟಿ ಬೆಲ್ ಅಂತಲೇ ಹೆಸರಾಯಿತು. ಮೂರೂ ಚಕ್ರದಲ್ಲಿ ಗಂಟೆ ಸಾಲಾಗಿ ನಿಂತರೆ 50 ಸೆಂಟು. ಸ್ವಾತಂತ್ರ್ಯದ ಹೆಸರಿಟ್ಟುಕೊಂಡು ಕೂಲಿಯವರ ಜೇಬಿನಿಂದ ಐದೈದು ಸೆಂಟು ಎತ್ತುವ ಯಂತ್ರ. ಈ ವ್ಯಂಗ್ಯ ಫೇಗೆ ಹೊಳೆದಿತ್ತೋ ಇಲ್ಲವೋ, ವ್ಯಾಪಾರ ಮಾತ್ರ ಚೆನ್ನಾಗಿ ನಡೆಯಿತು.

ಇದರ ಒಳಗಿನ ಕೆಲಸ ಹೇಗೆ ಅಂತ ಕೇಳಿದರೆ ಒಂದು ನಿಮಿಷದಲ್ಲಿ ಹೇಳಬಹುದು. ನಾಣ್ಯ ಬಿದ್ದರೆ ಹಿಡಿಕೆಯ ಬೀಗ ಬಿಡುತ್ತದೆ. ಹಿಡಿಕೆ ಎಳೆದರೆ ಸ್ಪ್ರಿಂಗು ಬಿಗಿಯಾಗಿ, ಬಿಟ್ಟಾಗ ಚಕ್ರಗಳನ್ನು ತಿರುಗಿಸುತ್ತದೆ. ಆಮೇಲೆ ಒಂದೊಂದೇ ತಡೆ ಬಿದ್ದು ಚಕ್ರಗಳು ಎಡದಿಂದ ಬಲಕ್ಕೆ ನಿಲ್ಲುತ್ತವೆ. ಪ್ರತಿ ಚಕ್ರದ ಜೊತೆಗೆ ಅಂಚಿನಲ್ಲಿ ಕಚ್ಚುಗಳಿರುವ ಒಂದು ಬಿಲ್ಲೆ ಇದೆ. ಗೆಲ್ಲುವ ಗುರುತುಗಳ ಎದುರಿಗೆ ಆಳವಾದ ಕಚ್ಚು. ಲೋಹದ ಬೆರಳುಗಳು ಆ ಕಚ್ಚುಗಳನ್ನು ತಡಕಿ ನೋಡುತ್ತವೆ. ಮೂರೂ ಬೆರಳು ಎಷ್ಟು ಆಳಕ್ಕೆ ಇಳಿದವೋ ಅದಕ್ಕೆ ತಕ್ಕಷ್ಟು ನಾಣ್ಯ ಕೆಳಗೆ ಜಾರುತ್ತದೆ. ಬಾರಿನವನ ಕೈ ಬೇಕಿಲ್ಲ.

ಪ್ರತಿ ಚಕ್ರ ನಿಲ್ಲಬಹುದಾದ ಜಾಗ ಹತ್ತು. ಮೂರು ಚಕ್ರ ಅಂದರೆ 10 ಗುಣಿಸು 10 ಗುಣಿಸು 10, ಒಟ್ಟು 1,000 ಜೋಡಣೆ. ಒಂದೊಂದು ಚಕ್ರದಲ್ಲೂ ಒಂದೇ ಸಲ ಇರುವ ಗುರುತು ಮೂರರಲ್ಲೂ ಸಾಲಾಗಿ ಬರೋದು ಸಾವಿರಕ್ಕೆ ಒಮ್ಮೆ. ಇದಕ್ಕೆ ಗಣಿತಜ್ಞ ಬೇಕಿಲ್ಲ. ಬಾಗಿಲು ತೆಗೆದು ಚಕ್ರದ ಪಟ್ಟಿ ಎಣಿಸಿದರೆ ಆಯಿತು. ಯಂತ್ರ ಮಾಲೀಕನ ಕಡೆಗೇ ವಾಲಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ವಾಲಿದೆ ಅನ್ನೋದು ಕಬ್ಬಿಣದಲ್ಲಿ ಕೆತ್ತಿಟ್ಟಿತ್ತು. ಚಕ್ರಕ್ಕೆ ನೀವು ಯಾರು, ಇವತ್ತು ಎಷ್ಟು ಗೆದ್ದಿರಿ, ಯಾವ ಬಟನ್ ಒತ್ತುತ್ತೀರಿ ಅನ್ನೋದು ಗೊತ್ತಿರಲಿಲ್ಲ.

ಕಳ್ಳತನ, ಬೆಂಕಿ, ನಿಷೇಧ

ಫೇ ಯಂತ್ರ ಮಾರುತ್ತಿರಲಿಲ್ಲ. ಬಾರುಗಳಲ್ಲಿ ಇಟ್ಟು ಬರುತ್ತಿದ್ದ. ಬಂದ ಹಣದಲ್ಲಿ ಅರ್ಧ ಬಾರಿನವನಿಗೆ, ಅರ್ಧ ತನಗೆ. ಬೇಡಿಕೆ ಎಷ್ಟಿತ್ತು ಅಂದರೆ ಮಾರ್ಕೆಟ್ ಸ್ಟ್ರೀಟಿನ ಅವನ ಕಾರ್ಯಾಗಾರಕ್ಕೆ ಪೂರೈಸಲು ಆಗುತ್ತಿರಲಿಲ್ಲ. ನಾಣ್ಯದ ಬದಲು ತಗಡಿನ ಬಿಲ್ಲೆ ತೂರಿಸುವ ಚಾಲಾಕಿಗಳೂ ಇದ್ದರು. ಅವರನ್ನು ಹಿಡಿಯಲು ಖೋಟಾ ನಾಣ್ಯ ಬೇರ್ಪಡಿಸುವ ಸಾಧನವನ್ನೂ ಫೇ ಮಾಡಿದ. ಜನ ಯಂತ್ರಕ್ಕೆ ಮೋಸ ಮಾಡದಂತೆ ಕಾವಲು ಹಾಕುವ ಕೆಲಸ ಅಂದೇ ಶುರುವಾಗಿತ್ತು. ಯಂತ್ರ ಜನಕ್ಕೆ ಮೋಸ ಮಾಡದಂತೆ ಕಾವಲು ಹಾಕುವುದು ಬಹಳ ತಡವಾಗಿ ಬಂತು.

ಇಷ್ಟೆಲ್ಲ ಮಾಡಿದರೂ ಯಂತ್ರದ ಮೇಲೆ ಅವನಿಗೆ ಪೇಟೆಂಟಿನ ರಕ್ಷಣೆ ಇರಲಿಲ್ಲ. ಜೂಜಿನ ಸಾಧನಕ್ಕೆ ಪೇಟೆಂಟ್ ಸಿಗೋದು ಆಗ ದುಸ್ತರ. ಹಾಗಾಗಿ ಯಂತ್ರವನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳೋದೇ ಅವನಿಗಿದ್ದ ದಾರಿ. 1905ರಲ್ಲಿ ಪವೆಲ್ ಸ್ಟ್ರೀಟಿನ ಬಾರೊಂದರಿಂದ ಒಂದು ಲಿಬರ್ಟಿ ಬೆಲ್ ಕಳುವಾಯಿತು, ಅದು ಷಿಕಾಗೊಗೆ ಹೋಯಿತು ಎಂಬ ಕಥೆ ಇದೆ. ಕಥೆಯ ಮಾತು ಬಿಡಿ. ದಾಖಲೆಯ ಮಾತೇ ಸಾಕು: 1907ರ ಹೊತ್ತಿಗೆ ಷಿಕಾಗೊದ ಮಿಲ್ಸ್ ನಾವೆಲ್ಟಿ ಕಂಪನಿ ತನ್ನದೇ ಲಿಬರ್ಟಿ ಬೆಲ್ ಮಾಡಿ ದೇಶಕ್ಕೆಲ್ಲ ಹಂಚುತ್ತಿತ್ತು. ಸಣ್ಣ ಕಾರ್ಯಾಗಾರದವನ ಕೈಕೆಲಸ ದೊಡ್ಡ ಕಾರ್ಖಾನೆಯ ಸರಕಾಯಿತು.

ಅದರ ನಡುವೆ 1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೊ ನಡುಗಿತು. ಭೂಕಂಪಕ್ಕಿಂತ ಅದರ ಬೆನ್ನಿಗೆ ಬಂದ ಬೆಂಕಿ ಹೆಚ್ಚು ಸುಟ್ಟಿತು. ಫೇಯ ಕಾರ್ಯಾಗಾರವೂ ಹೋಯಿತು. ಅವನು ಕಟ್ಟಿದ ಲಿಬರ್ಟಿ ಬೆಲ್‌ಗಳಲ್ಲಿ ಇವತ್ತಿಗೆ ಉಳಿದಿರೋದು ಬೆರಳೆಣಿಕೆಯಷ್ಟು ಮಾತ್ರ.

ಬೆಂಕಿಯಿಂದ ಎದ್ದು ನಿಂತವನಿಗೆ ಕಾನೂನು ಎದುರಾಯಿತು. 1909ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಸ್ಲಾಟ್ ಮಷೀನ್ ನಿಷೇಧಿಸಿತು. 1911ರಲ್ಲಿ ಇಡೀ ಕ್ಯಾಲಿಫೋರ್ನಿಯಾ ನಿಷೇಧಿಸಿತು. ಉದ್ಯಮ ಸುಮ್ಮನಿರುತ್ತದಾ? ಹೆಸರು ಬದಲಾಯಿಸಿತು. ಇದು ಜೂಜಲ್ಲ ಸ್ವಾಮಿ, ಚೂಯಿಂಗ್ ಗಮ್ ಮಾರುವ ಯಂತ್ರ! ನಾಣ್ಯ ಹಾಕಿದವರಿಗೆ ಗಮ್ ಸಿಗುತ್ತೆ, ಚಕ್ರ ಸುಮ್ಮನೆ ಮಜಾಕ್ಕೆ. ಇಸ್ಪೀಟಿನ ಗುರುತು ಹೋಗಿ ಗಮ್ಮಿನ ರುಚಿಗಳ ಚಿತ್ರ ಬಂತು: ಚೆರ್ರಿ, ಕಿತ್ತಳೆ, ನಿಂಬೆ, ಪ್ಲಮ್. ಗಮ್ ಕಂಪನಿಯ ಲೇಬಲ್ಲೇ ಕಪ್ಪು ಪಟ್ಟಿಯ ಬಾರ್ ಗುರುತಾಯಿತು. ಬ್ರಿಟನ್ನಿನಲ್ಲಿ ಇವತ್ತಿಗೂ ಇದಕ್ಕೆ ಫ್ರೂಟ್ ಮಷೀನ್ ಎಂಬ ಹೆಸರು ಉಳಿದಿರೋದು ಆ ಹಣ್ಣುಗಳಿಂದ. ಮಕ್ಕಳ ಪುಸ್ತಕದ ಚಿತ್ರದ ಹಾಗೆ ಕಾಣುವ ಆ ಚೆರ್ರಿ ಹುಟ್ಟಿದ್ದು ಕಾನೂನಿನ ಕಣ್ಣಿಗೆ ಮಣ್ಣೆರಚಲು.

ಚಕ್ರ ಹೋಗಿ ಚಿಪ್ ಬಂತು

ಫೇ ಯಂತ್ರ ಕಟ್ಟೋದನ್ನು ಬಿಡಲಿಲ್ಲ. ತಾನು ಶುರುಮಾಡಿದ್ದರ ಮೇಲೆ ಬೇರೆಯವರು ಸಾಮ್ರಾಜ್ಯ ಕಟ್ಟಿದರೂ, ತನ್ನ ರಾಜ್ಯದಲ್ಲೇ ಅದು ಕಾನೂನುಬಾಹಿರವಾದರೂ, ಆ ಕಸುಬಿನಲ್ಲೇ ಮುದುಕನಾದ. ಪಕ್ಕದ ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿದ್ದನ್ನೂ ನೋಡಿದ. 1944ರಲ್ಲಿ ತೀರಿಕೊಂಡ. ಆಮೇಲೆ ಅವನ ಮೊಮ್ಮಕ್ಕಳು ನೆವಾಡಾದ ರೀನೊ ನಗರದಲ್ಲಿ ಲಿಬರ್ಟಿ ಬೆಲ್ ಹೆಸರಿನಲ್ಲೇ ರೆಸ್ಟೋರೆಂಟ್ ನಡೆಸಿ, ಅಜ್ಜನ ಯಂತ್ರವನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ 406 ಮಾರ್ಕೆಟ್ ಸ್ಟ್ರೀಟನ್ನು ಕ್ಯಾಲಿಫೋರ್ನಿಯಾ ಸರ್ಕಾರ ಐತಿಹಾಸಿಕ ಸ್ಥಳವೆಂದು ಗುರುತಿಸಿ ಫಲಕ ಹಾಕಿದೆ. ನಿಷೇಧಿಸಿದವರೇ ಫಲಕ ಹಾಕೋದು ಚರಿತ್ರೆಯಲ್ಲಿ ಹೊಸದೇನಲ್ಲ.

ಅವನು ಸತ್ತ ಮೇಲೆ ಯಂತ್ರದ ಒಳಗೆ ಒಂದು ಸದ್ದಿಲ್ಲದ ಕ್ರಾಂತಿ ನಡೆಯಿತು. ಸ್ಪ್ರಿಂಗಿನ ಜಾಗಕ್ಕೆ ವಿದ್ಯುತ್ ಬಂತು. 1970ರ ದಶಕದ ಕೊನೆಗೆ ಮೈಕ್ರೊಪ್ರೊಸೆಸರ್ ಬಂತು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಸರಳವಾಗಿ ಹೇಳಬೇಕು ಅಂದರೆ, ಕಣ್ಣಿಗೆ ಕಾಣುವ ಚಕ್ರದಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಜಾಗ ಇರಬಹುದು. ಆದರೆ ಚಿಪ್ಪಿನೊಳಗೆ ಅದಕ್ಕಿಂತ ಎಷ್ಟೋ ದೊಡ್ಡದಾದ, ಕಾಣದ ಚಕ್ರವೊಂದು ತಿರುಗುತ್ತಿರುತ್ತದೆ. ತೀರ್ಮಾನ ಆಗೋದು ಅಲ್ಲಿ. ಕಾಣುವ ಚಕ್ರ ಅದರ ಆಜ್ಞೆಯಂತೆ ನಿಲ್ಲುವ ಗೊಂಬೆ. ಫೇಯ ಕಾಲದಲ್ಲಿ ಚಕ್ರವೇ ತೀರ್ಪು. ಈಗ ಚಕ್ರ ತೀರ್ಪನ್ನು ಓದಿ ಹೇಳುವ ಗುಮಾಸ್ತ.

ಬ್ರಿಟನ್ನಿನಲ್ಲಿ ದಾರಿ ಇನ್ನೊಂದು ತರ. ಅಲ್ಲಿ 1960ರ ಕಾಯ್ದೆಯಿಂದ ಪಬ್, ಕ್ಲಬ್ಬುಗಳಿಗೆ ಫ್ರೂಟ್ ಮಷೀನ್ ಬಂತು. ಚಿಪ್ ಬಂದ ಮೇಲೆ ಆ ಯಂತ್ರಗಳು ತಮ್ಮ ಹಿಂದಿನ ಲೆಕ್ಕವನ್ನು ನೆನಪಿಟ್ಟುಕೊಳ್ಳತೊಡಗಿದವು. ಬಂದ ದುಡ್ಡಿನಲ್ಲಿ ನೂರಕ್ಕೆ ಇಷ್ಟು ವಾಪಸ್ ಕೊಡಬೇಕು ಅಂತ ಒಂದು ಗುರಿ. ಜಾಸ್ತಿ ಕೊಟ್ಟಿದ್ದರೆ ಕೈ ಬಿಗಿ ಮಾಡುತ್ತೆ, ಕಮ್ಮಿ ಕೊಟ್ಟಿದ್ದರೆ ಸಡಿಲ ಬಿಡುತ್ತೆ. ಅಂದರೆ ನಿಮಗಿಂತ ಮುಂಚೆ ಆಡಿದವರಿಗೆ ಏನು ಸಿಕ್ಕಿತು ಅನ್ನೋದರ ಮೇಲೆ ನಿಮ್ಮ ಆಟ ನಿಂತಿದೆ. ಮೇಲೆ ಬಟನ್ನುಗಳು, ಆಯ್ಕೆಗಳು, ದೊಡ್ಡದೋ ಚಿಕ್ಕದೋ ಪಂಥಗಳು. ಎಲ್ಲಾ ನಿಮ್ಮ ಕೈಯಲ್ಲೇ ಇದೆ ಅನ್ನೋ ಭಾವನೆ.

ಹೊಟ್ಟೆ ಬಿಚ್ಚಿದವರು

ಇಲ್ಲಿಗೆ ಬರುತ್ತಾರೆ ಹವ್ಯಾಸಿಗಳು. 1990ರ ದಶಕದ ಕೊನೆಯ ಹೊತ್ತಿಗೆ ಹಳೆಯ ಯಂತ್ರಗಳು ಗುಜರಿಗೆ ಹೋಗುತ್ತಿದ್ದವು. 1997ರಲ್ಲಿ ಹಳೆಯ ವಿಡಿಯೊ ಗೇಮ್‌ಗಳನ್ನು ಉಳಿಸಲು ಮೇಮ್ ಎಂಬ ಎಮ್ಯುಲೇಟರ್ ಬಂದಿತ್ತು. ಅದೇ ರೀತಿ ಫ್ರೂಟ್ ಮಷೀನ್‌ಗಳಿಗೂ ಎಂಎಫ್‌ಎಂಇ ಮುಂತಾದ ಎಮ್ಯುಲೇಟರ್‌ಗಳು ಬಂದವು. ಮಾಡಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ಕೂತು ಮಾಡಿದವರು. ಹುಡುಗರಾಗಿದ್ದಾಗ ಆ ಯಂತ್ರಗಳ ಮುಂದೆ ಚಿಲ್ಲರೆ ಕಳೆದುಕೊಂಡವರೂ ಅವರಲ್ಲಿದ್ದರು.

ಕೆಲಸ ಸಣ್ಣದಲ್ಲ. ಮೊದಲು ಯಂತ್ರದ ಬೋರ್ಡಿನಿಂದ ಈಪ್ರಾಂ ಚಿಪ್ ಕೀಳಬೇಕು. ಅದರ ಬೆನ್ನಲ್ಲಿ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಮೇಲೊಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ದಶಕಗಳು ಕಳೆದರೆ ಚಿಪ್ ತಾನಾಗಿಯೇ ಮರೆಯತೊಡಗುತ್ತದೆ. ಅಷ್ಟರೊಳಗೆ ಅದರಲ್ಲಿರುವ ಸೊನ್ನೆ, ಒಂದುಗಳನ್ನೆಲ್ಲ ಓದಿ ಕಾಪಿ ಮಾಡಿಕೊಳ್ಳಬೇಕು. ಆಮೇಲೆ ಆ ಬೋರ್ಡಿನ ಪ್ರೊಸೆಸರ್ ನಡೆದುಕೊಳ್ಳುವ ರೀತಿಯನ್ನು ಸಾಫ್ಟ್‌ವೇರಿನಲ್ಲಿ ಬರೆಯಬೇಕು. ಬಾರ್‌ಕ್ರೆಸ್ಟ್ ಕಂಪನಿಯ ಎಂಪಿಯು4 ಬೋರ್ಡಿನಲ್ಲಿ ಇದ್ದದ್ದು ಮೊಟೊರೊಲಾ 6809. ಕಾಪಿ ತಡೆಯಲು ಹಾಕಿದ ಇನ್ನೊಂದು ಚಿಪ್ಪನ್ನು ಪ್ರೋಗ್ರಾಂ ಆಗಾಗ ಪ್ರಶ್ನೆ ಕೇಳುತ್ತದೆ. ಅದರ ಉತ್ತರಗಳನ್ನೂ ಕಂಡುಹಿಡಿಯಬೇಕು. ಯಾವ ದೀಪ ಎಲ್ಲಿದೆ, ಚಕ್ರದ ಪಟ್ಟಿಯಲ್ಲಿ ಯಾವ ಹಣ್ಣಿನ ಪಕ್ಕ ಯಾವುದು ಅಂತ ಒಂದೊಂದೇ ಹೊಂದಿಸಬೇಕು. ಗಾಜಿನ ಮೇಲಿನ ಚಿತ್ರ ಸ್ಕ್ಯಾನ್ ಮಾಡಿ, ಗೀಚು ಗಾಯ ಒರೆಸಿ ಮತ್ತೆ ಬಣ್ಣ ತುಂಬಬೇಕು. ಇದಕ್ಕೆ ಕಾನೂನಿನ ಪೂರ್ತಿ ಆಸರೆಯೂ ಇಲ್ಲ. ಪ್ರೋಗ್ರಾಂಗಳ ಹಕ್ಕು ಕಂಪನಿಗಳದೇ.

ಇದೆಲ್ಲ ಹಳೆಯದರ ಮೇಲಿನ ಪ್ರೀತಿಗೆ ಶುರುವಾದ ಕೆಲಸ. ಆದರೆ ಆಟದ ಕ್ಷಣವನ್ನು ಸೇವ್ ಮಾಡಿ ವಾಪಸ್ ಬರುವ ಸೌಲಭ್ಯ ಕೈಗೆ ಸಿಕ್ಕ ಕೂಡಲೇ ನಾನು ಕಂಡದ್ದನ್ನೇ ಅವರು ನನಗಿಂತ ಎರಡು ದಶಕ ಮುಂಚೆ ಕಂಡರು. ಎರಡು ಬಟನ್, ಎರಡೂ ಸೋಲು. ಪಬ್ಬಿನಲ್ಲಿ ನಿಂತವನಿಗೆ ಇದು ಎಂದೂ ಸಾಬೀತಾಗುತ್ತಿರಲಿಲ್ಲ. ಅವನಿಗೆ ಸಿಗೋದು ಒಂದೇ ಅವಕಾಶ. ಸೋತರೆ ಛೇ, ಇನ್ನೊಂದು ಒತ್ತಬೇಕಿತ್ತು ಅಂದುಕೊಂಡು ಮನೆಗೆ ಹೋಗುತ್ತಾನೆ. ತಪ್ಪು ತನ್ನದೇ ಅಂತ ನಂಬಿಕೊಂಡು. ನನ್ನ ಪ್ರಕಾರ ಈ ಯಂತ್ರ ಮಾಡುತ್ತಿದ್ದ ದೊಡ್ಡ ಅನ್ಯಾಯ ಅದೇ. ದುಡ್ಡು ಕಿತ್ತುಕೊಳ್ಳೋದು ಒಂದು, ಕಳೆದುಕೊಂಡವನ ತಲೆಯ ಮೇಲೇ ತಪ್ಪು ಹೊರಿಸೋದು ಇನ್ನೊಂದು.

2000ದ ದಶಕದ ಮೊದಲ ವರ್ಷಗಳಲ್ಲಿ ಇವರು ಫೇರ್‌ಪ್ಲೇ ಎಂಬ ಅಭಿಯಾನ ಮಾಡಿದರು. ಬಯಸಿದ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದಾದ ಸಾಕ್ಷ್ಯ ಅವರ ಕೈಯಲ್ಲಿತ್ತು. ಕೊನೆಗೆ ಅಂಥ ಯಂತ್ರಗಳ ಮೇಲೆ ಒಂದು ಎಚ್ಚರಿಕೆ ಬರಹ ಬಂತು. ಗೆಲ್ಲುವ ಸಾಧ್ಯತೆಯೇ ಇಲ್ಲದ ಆಯ್ಕೆಯನ್ನು ಈ ಯಂತ್ರ ಕೆಲವೊಮ್ಮೆ ನಿಮ್ಮ ಮುಂದೆ ಇಡಬಹುದು ಎಂಬ ಅರ್ಥದ ಸಾಲು. ಆ ಪದ್ಧತಿ ನಿಲ್ಲಲಿಲ್ಲ, ಅದನ್ನು ಒಪ್ಪಿಕೊಂಡು ಒಂದು ಚೀಟಿ ಅಂಟಿಸಿದರು ಅಷ್ಟೇ. ಗೆಲುವು ಸಣ್ಣದು, ಅದನ್ನು ದೊಡ್ಡದು ಮಾಡಿ ಹೇಳಲಾರೆ. ಆದರೆ ಆ ಚೀಟಿಯ ಹಿಂದಿರೋದು ಗುಜರಿಯಿಂದ ಚಿಪ್ ಆರಿಸಿ ತಂದವರ ಕೈ.

ಎರಡು ನಕಲುಗಳು

ಫೇಯ ಬದುಕಿನಲ್ಲಿ ನಕಲು ಅಂದರೆ ದೊಡ್ಡವರು ಸಣ್ಣವನದನ್ನು ತೆಗೆದುಕೊಂಡು ದುಡ್ಡು ಮಾಡಿದ್ದು. ಹವ್ಯಾಸಿಗಳದೂ ನಕಲೇ. ಆದರೆ ಅದು ಸಣ್ಣವರು ದೊಡ್ಡವರದನ್ನು ಬಿಚ್ಚಿ ಎಲ್ಲರಿಗೂ ತೋರಿಸಿದ್ದು. ಕಾನೂನಿನ ಪುಸ್ತಕದಲ್ಲಿ ಇವೆರಡೂ ಅಕ್ಕಪಕ್ಕ ಕೂರಬಹುದು. ನ್ಯಾಯದ ತಕ್ಕಡಿಯಲ್ಲಿ ಕೂರಲಾರವು.

ಫೇಯನ್ನು ನಾನು ಸಂತ ಮಾಡುತ್ತಿಲ್ಲ. ಅವನ ಯಂತ್ರವೂ ದುಡಿಯುವವರ ಕೂಲಿಯನ್ನೇ ನುಂಗಿತು. ಅದರ ಅರ್ಧ ಅವನ ಜೇಬಿಗೇ ಹೋಯಿತು. ವ್ಯತ್ಯಾಸ ಇಷ್ಟೇ: ಅವನ ಯಂತ್ರವನ್ನು ಎಣಿಸಬಹುದಿತ್ತು. ಎಣಿಸಬಹುದಾದದ್ದನ್ನು ಪ್ರಶ್ನಿಸಬಹುದು, ನಿಯಂತ್ರಿಸಬಹುದು, ಬೇಕಾದರೆ ನಿಷೇಧಿಸಲೂಬಹುದು. ಎಣಿಸಲಾಗದ ಯಂತ್ರದ ಮುಂದೆ ನಾವು ಮಾಡಬಹುದಾದದ್ದು ನಂಬುವುದು ಅಥವಾ ಶಪಿಸುವುದು.

ಇದು ನಮ್ಮ ಊರಿಗೂ ಬಂದು ನಿಂತಿರುವ ಮಾತು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ಈ ಎಲ್ಲ ವರ್ಷಗಳಲ್ಲಿ ವಾದ ಹೆಚ್ಚಾಗಿ ಸುತ್ತಿದ್ದು ಒಂದೇ ಪ್ರಶ್ನೆಯ ಸುತ್ತ: ಇದು ಕೌಶಲದ ಆಟವೋ ಅದೃಷ್ಟದ ಆಟವೋ? ಆ ಹಳೆಯ ಫ್ರೂಟ್ ಮಷೀನ್ ನಮಗೆ ಮೂರನೆಯ ಸಾಧ್ಯತೆ ತೋರಿಸುತ್ತದೆ. ಕೌಶಲವೂ ಅಲ್ಲದ, ಅದೃಷ್ಟವೂ ಅಲ್ಲದ, ಬರೀ ತೀರ್ಮಾನ. ಕೌಶಲದ ಹಾಗೆ ಬಟನ್ ತೋರಿಸುತ್ತದೆ, ಅದೃಷ್ಟದ ಹಾಗೆ ಚಕ್ರ ತಿರುಗಿಸುತ್ತದೆ, ಒಳಗೆ ಎಲ್ಲಾ ಮುಗಿದಿರುತ್ತದೆ.

ಜೂಜಿನ ಮಾತೂ ಬಿಡಿ. ಮಳೆಯಲ್ಲಿ ನಿಂತ ಡೆಲಿವರಿ ಹುಡುಗನಿಗೆ ಮುಂದಿನ ಆರ್ಡರ್ ಬರುತ್ತೋ ಇಲ್ಲವೋ, ಇವತ್ತಿನ ಇನ್ಸೆಂಟಿವ್ ಒಂದು ಆರ್ಡರಿಗೆ ತಪ್ಪಿದ್ದು ಯಾಕೆ, ಐಡಿ ಬ್ಲಾಕ್ ಆದದ್ದು ಯಾಕೆ ಅಂತ ಹೇಳೋದು ಯಾರು? ಅವನೂ ಪಬ್ಬಿನವನ ಹಾಗೆ, ಛೇ ಇನ್ನೊಂದು ರಸ್ತೆ ಹಿಡಿಯಬೇಕಿತ್ತು ಅಂದುಕೊಳ್ಳುತ್ತಾನೆ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಇದನ್ನು ಮುಟ್ಟಿದೆ. ಕೆಲಸ ಹಂಚುವ, ದುಡ್ಡು ನಿರ್ಧರಿಸುವ ಆಟೊಮ್ಯಾಟಿಕ್ ವ್ಯವಸ್ಥೆಗಳು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು ಎನ್ನುತ್ತದೆ. ಒಳ್ಳೆಯ ಸಾಲು. ಆದರೆ ಕಂಪನಿ ತಾನೇ ಬರೆದುಕೊಟ್ಟ ವಿವರಣೆಗೂ ಚೀಟಿ ಅಂಟಿಸಿದ ಯಂತ್ರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹೊರಗಿನವರು ಒಳಗಿನದನ್ನು ಪರೀಕ್ಷೆ ಮಾಡಿ ನೋಡುವ ಹಕ್ಕು ಸಿಗುವವರೆಗೆ ನಾವು ಕೇಳುತ್ತಲೇ ಇರಬೇಕು.

ಫೇಯ ಲಿಬರ್ಟಿ ಬೆಲ್ ಕೆಟ್ಟರೆ ಬಾಗಿಲು ತೆಗೆದು ಸ್ಕ್ರೂಡ್ರೈವರ್ ಹಾಕುತ್ತಿದ್ದರು. ತೀರ್ಪು ಹೇಗಾಗುತ್ತದೆ ಅನ್ನೋದು ಬಿಲ್ಲೆಯ ಕಚ್ಚುಗಳಲ್ಲಿ ಕೈಗೆ ಸಿಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಬ್ರಿಟಿಷ್ ಯಂತ್ರ ಈಗಲೂ ಇದೆ. ಸೇವ್ ಮಾಡಿಟ್ಟ ಆ ಕ್ಷಣವನ್ನು ನಾನು ಅಳಿಸಿಲ್ಲ. ಸ್ನೇಹಿತರು ಮನೆಗೆ ಬಂದರೆ ತೆರೆದು ತೋರಿಸುತ್ತೇನೆ. ಚಕ್ರದ ಮೇಲೆ 5 ಇದೆ. ದೊಡ್ಡದು ಒತ್ತಿ, ಆಮೇಲೆ ಚಿಕ್ಕದು ಒತ್ತಿ ಅನ್ನುತ್ತೇನೆ. ಎರಡನೇ ಸಲ ಸೋತಾಗ ಅವರ ಮುಖ ನೋಡಬೇಕು.